‘ಸರ್ಕಾರ ದುಡ್ಡು ಕೊಡ್ತದ, ಮಕ್ಕಳನ್ನ ತಗೋರಿ ವೈನಿ’ ಅಂತ ಬಂದರೆ ಬಾಗಿಲು ತೆಗೆಯಬೇಡಿ: ಪುಣೆಯ ಪಾಳಣಾಘರದವರಿಗೆ

ಪುಣೆಯಲ್ಲಿ, ಪಿಂಪರಿ-ಚಿಂಚವಡದಲ್ಲಿ ಮನೆಯಲ್ಲೇ ಪಾಳಣಾಘರ, ಅಂದರೆ ದುಡಿಯುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಿಶುಪಾಲನಾ ಮನೆ, ನಡೆಸುವ ನಮ್ಮ ಕನ್ನಡದ ಅಕ್ಕತಂಗಿಯರು ಇದನ್ನು ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಮನೆಯವರು ‘ಊರಿಗೆಲ್ಲ ಯಾಕ ಹೇಳ್ಕೋತಿ’ ಅಂದರು. ಆದರೆ ಸರ್ಕಾರದ ದುಡ್ಡಿನ ಆಸೆ ತೋರಿಸಿ ನನಗೆ ಮೋಸ ಮಾಡಿದ ಮನುಷ್ಯ ಇನ್ನೂ ಅದೇ ನೀಲಿ ಫೈಲ್ ಹಿಡಿದುಕೊಂಡು ಓಡಾಡುತ್ತಿದ್ದಾನೆ ಎಂದು ಹೋದ ವಾರ ಗೊತ್ತಾಯಿತು. ಇನ್ನು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನಾನು ಧಾರವಾಡದವಳು. ಪುಣೆಯ ವಾರಜೆಯ ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ವ್ಯವಹಾರ ನಿಮಗೆಲ್ಲ ಗೊತ್ತಿರುವುದೇ. ಸೇರುವಾಗ ಒಂದು ತಿಂಗಳ ಡಿಪಾಜಿಟ್, 5ನೇ ತಾರೀಖಿನೊಳಗೆ ಫೀ, ಡಬ್ಬಿ ಮನೆಯಿಂದ, ಏಳು ಗಂಟೆ ದಾಟಿದರೆ ತಾಸಿನ ಲೆಕ್ಕದಲ್ಲಿ ಹೆಚ್ಚಿಗೆ. ನನ್ನ ಫೀ ಇಡೀ ದಿನಕ್ಕೆ ತಿಂಗಳಿಗೆ 5,500. ಒಂದಿಬ್ಬರು ತಡಮಾಡಿ ಕೊಟ್ಟದ್ದು ಬಿಟ್ಟರೆ ಒಂಬತ್ತು ವರ್ಷದಲ್ಲಿ ಯಾರೂ ನನ್ನ ದುಡ್ಡು ಮುಳುಗಿಸಿರಲಿಲ್ಲ.

2024ರ ಸಂಕ್ರಾಂತಿ. ಗೆಳತಿಯೊಬ್ಬರ ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ಕುಸುರೆಳ್ಳು ಹಂಚುತ್ತಿರುವಾಗ ಅವರ ಪರಿಚಯದವನೆಂದು ಒಬ್ಬ ಬಂದ. ಸಂಸ್ಥೆಯೊಂದರ ಕೆಲಸ ಮಾಡುತ್ತೇನೆ ಅಂದ. ಅಚ್ಚ ನಮ್ಮ ಕಡೆಯ ಮಾತು. ‘ವೈನಿ, ನಮ್ಮ ಯಾದಗಿರಿ, ವಿಜಯಪುರದ ಮಂದಿ ಇಲ್ಲಿ ಮನೆಗೆಲಸ, ಗೌಂಡಿ ಕೆಲಸ ಮಾಡ್ತಾರ. ಕೂಸುಗಳನ್ನ ಎಲ್ಲಿ ಬಿಡಬೇಕ್ರಿ? ಮಾಳಿಗಿ ಮ್ಯಾಲೆ ಆಡ್ತಾವ, ಉಸುಕಿನಾಗ ಮಲಗ್ತಾವ. ನೀವು ನಾಲ್ಕು ಮಕ್ಕಳನ್ನ ತಗೊಂಡ್ರ ಸರ್ಕಾರ ದುಡ್ಡು ಕೊಡ್ತದ’ ಅಂದ.

ಮಾತಿನಲ್ಲಿ ಸುಳ್ಳು ಹುಡುಕಲು ಆಗುತ್ತಿರಲಿಲ್ಲ, ಯಾಕೆಂದರೆ ಮುಕ್ಕಾಲು ಭಾಗ ನಿಜವಿತ್ತು. 2017ರಲ್ಲಿ ಹೆರಿಗೆ ಕಾನೂನಿಗೆ ತಿದ್ದುಪಡಿ ಬಂತು, 50 ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಅಂದ. ನಿಜ. ಕಟ್ಟಡ ಕಾರ್ಮಿಕರಿಗೆ 1996ರ ಕಾನೂನಿನಲ್ಲೇ ಇಂಥ ಸೌಲಭ್ಯ ಬರೆದಿದ್ದಾರೆ ಅಂದ. ಅದೂ ನಿಜ. ಹಳೆಯ ರಾಷ್ಟ್ರೀಯ ಕ್ರೆಶ್ (ಶಿಶುಪಾಲನಾ ಕೇಂದ್ರ) ಯೋಜನೆಗೆ 2022ರಿಂದ ‘ಪಾಲನಾ’ ಎಂದು ಹೆಸರು, ಹೆಂಗಸರಿಗಾಗಿ ಕೇಂದ್ರ ಸರ್ಕಾರ ಮಾಡಿದ ಮಿಷನ್ ಶಕ್ತಿಯ ಕೆಳಗೆ ಬಂದಿದೆ, ದೇಶದಲ್ಲಿ 17,000 ಅಂಗನವಾಡಿಗಳಲ್ಲಿ ಕೇಂದ್ರ ಮಾಡುವವರಿದ್ದಾರೆ ಅಂದ. ಇದೂ ನಿಜವೇ. ನಾನು ಮನೆಗೆ ಬಂದು ಮೊಬೈಲ್‌ನಲ್ಲಿ ಹುಡುಕಿದೆ, ಎಲ್ಲ ಸಿಕ್ಕಿತು. ಸಿಕ್ಕಿತಲ್ಲ, ಅಷ್ಟಕ್ಕೇ ನಂಬಿಬಿಟ್ಟೆ. ಅವನು ಹೇಳಿದ್ದರಲ್ಲಿ ಒಂದೇ ಒಂದು ಮಾತು ಸುಳ್ಳು, ಆ ಒಂದನ್ನೇ ನಾನು ಹುಡುಕಲಿಲ್ಲ. ನಮ್ಮಂಥ ಮನೆಗೆ ತಲೆಗೆ 3,500 ರೂಪಾಯಿ ಬರುತ್ತದೆ ಅನ್ನುವುದು.

ಆರು ಮಕ್ಕಳು, ತಿಂಗಳಿಗೆ 21,000. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಗೆಯೇ ಆ ಮಕ್ಕಳ ಬಗ್ಗೆ ಕರುಳು ಚುರುಕ್ ಅಂದದ್ದೂ ಸುಳ್ಳಲ್ಲ. ನಮ್ಮ ಮನೆಯ ಎದುರಿಗೇ ಕಟ್ಟಡ ಏಳುತ್ತಿತ್ತು. ಅಲ್ಲಿಯ ಎರಡು ಕೂಸುಗಳನ್ನು ಇಟ್ಟಿಗೆ ರಾಶಿಯ ಪಕ್ಕದಲ್ಲಿ ದಿನಾ ನೋಡುತ್ತಿದ್ದೆ.

ನಾಲ್ಕು ದಿನಕ್ಕೆ ನೀಲಿ ಫೈಲ್ ಹಿಡಿದು ಮನೆಗೆ ಬಂದ. ಜೊತೆಗೆ ಒಬ್ಬಳು ಹೆಂಗಸು. ಟೇಪ್ ಹಿಡಿದು ಹಾಲ್ ಅಳೆದರು, ಬಚ್ಚಲು ನೋಡಿದರು, ಅಡುಗೆಮನೆಯ ಸಿಲಿಂಡರ್‌ನ ಫೋಟೋ ತೆಗೆದರು. ಮೇಲೆ ಸಿಂಹದ ಮುದ್ರೆ ಇದ್ದ ಪತ್ರ ತೋರಿಸಿದ. ‘ನೋಂದಣಿ, ತಪಾಸಣೆ, ಫೈಲ್ ಎಲ್ಲಾ ಸೇರಿ 12,000 ಆಗ್ತದ್ರಿ ವೈನಿ, ಮೊದಲನೇ ಬಿಲ್ಲಿನಾಗ ವಾಪಸ್ ಬರ್ತದ’ ಅಂದ. ನಗದು ಕೇಳಿದ. ಕೊಟ್ಟೆ. ರಸೀದಿ ಕೇಳಿದ್ದಕ್ಕೆ ‘ಆನ್‌ಲೈನ್ ಬರ್ತದ’ ಅಂದ. ಮನೆಯವರು ಆ ದಿನವೇ ಅಂದಿದ್ದರು, ನಿನ್ನ ಹೆಸರಿನ ಆದೇಶದ ಪ್ರತಿ ಎಲ್ಲಿ ಅಂತ. ನಾನು ಅವರ ಮೇಲೆಯೇ ರೇಗಿದೆ.

ಫೆಬ್ರವರಿ 1ರಿಂದ ಆರು ಮಕ್ಕಳು ಬಂದವು. ಐವರು ತಾಯಂದಿರು. ಇವರಿಗೆ ಡಬ್ಬಿ ಕಳಿಸಲು ಆಗುವುದಿಲ್ಲ, ಊಟ ನೀವೇ ಹಾಕಬೇಕು, ಬಿಲ್ಲಿನಲ್ಲಿ ಸೇರಿದೆ ಎಂದು ಅವನೇ ಹೇಳಿದ್ದ. ಕೈಗೆ ಆಸರೆಗೆ ಒಬ್ಬ ಬಾಯಿಯನ್ನು (ಕೆಲಸದ ಹೆಂಗಸನ್ನು) ತಿಂಗಳಿಗೆ 8,000ಕ್ಕೆ ಇಟ್ಟುಕೊಂಡೆ. ಚಿಕ್ಕ ಗಾದಿ, ತಾಟು, ನೀರಿನ ಫಿಲ್ಟರ್ ಅಂತ 9,400 ಹೋಯಿತು. ಜಾಗ ಇಲ್ಲ ಎಂದು ಫೀ ಕೊಡುವ ಇಬ್ಬರು ಮಕ್ಕಳನ್ನು ವಾಪಸ್ ಕಳಿಸಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾರ್ಚ್ ಆಯಿತು, ದುಡ್ಡಿಲ್ಲ. ‘ವೈನಿ, ಮಾರ್ಚ್ ಎಂಡ್ ನಡದದ, ಸರ್ಕಾರದ್ದು ಗೊತ್ತಲ್ರಿ.’ ಸರಿ ಅಂದುಕೊಂಡೆ. ಏಪ್ರಿಲ್ ಬಂತು. ‘ವೈನಿ, ಇಲೆಕ್ಷನ್ ಆಚಾರಸಂಹಿತಾ ಹಚ್ಯಾರ, ಯಾವ ಬಿಲ್ಲೂ ಪಾಸ್ ಆಗಂಗಿಲ್ಲ.’ ಮಾರ್ಚ್ 16ರಿಂದ ನೀತಿ ಸಂಹಿತೆ ಇದ್ದದ್ದು ಖರೆ. ನಂಬಿದೆ. ಜೂನ್ 4ಕ್ಕೆ ಫಲಿತಾಂಶ ಬಂತು, ಮರುದಿನವೇ ಫೋನ್ ಮಾಡಿದೆ. ‘ಫೈಲ್ ಮ್ಯಾಲೆ ಹೋಗೇದ್ರಿ ವೈನಿ.’ ಎಲ್ಲಿ ಮೇಲೆ? ಯಾವ ಮೇಲೆ? ಕೇಳಿದರೆ ‘ಮಂತ್ರಾಲಯಕ್ಕ’ ಅಂದ, ಅಂದರೆ ಮುಂಬಯಿಯ ಸಚಿವಾಲಯಕ್ಕೆ. ಜೂನ್ ಕೊನೆಗೆ, ಪಂಢರಪುರದ ವಾರಿಯ ಮೆರವಣಿಗೆ ಪುಣೆಗೆ ಬರುವಾಗ, ‘ಪಾಲಖಿ ಬಂದದ, ಆಫೀಸಿನಾಗ ಮಂದಿ ಇಲ್ಲ’. ಜುಲೈಗೆ ಇನ್ನೊಂದು: ‘ಎಲ್ಲಾರೂ ಲಾಡಕೀ ಬಹೀಣ ಫಾರ್ಮ್ ತುಂಬೂದರಾಗ ಕೂತಾರ್ರಿ, ನಮ್ಮ ಫೈಲ್ ನೋಡವರ್‍ಯಾರು?’

ಒಂದೊಂದು ನೆಪದ ಹಿಂದೆಯೂ ನಿಜವಾದ ಒಂದು ಸಂಗತಿ ಇಟ್ಟ. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗಾಗಿ ತಂದ ಲಾಡಕೀ ಬಹೀಣ ಯೋಜನೆಯ 1,500 ರೂಪಾಯಿಗೆ ಅಂಗನವಾಡಿಗಳ ಮುಂದೆ ಸಾಲು ನಿಂತದ್ದನ್ನು ನಾನೇ ನೋಡಿದ್ದೆ. ಹಾಗಾಗಿ ಪ್ರತಿ ಸಲ ‘ಇರಬಹುದು, ಇರಬಹುದು’ ಅಂದುಕೊಂಡೆ. ಆರು ತಿಂಗಳು ಇರಬಹುದು ಅಂದುಕೊಂಡೆ!

ಮೇ ತಿಂಗಳಿಂದಲೇ ನನ್ನ ಸಿಟ್ಟು ತಾಯಂದಿರ ಮೇಲೆ ತಿರುಗಿತ್ತು. ಅವನು ಸದ್ದಿಲ್ಲದೆ ಅದಕ್ಕೂ ಗಾಳಿ ಹಾಕಿದ್ದ. ‘ಅವರು ಕಾಗದಪತ್ರ ಸರಿ ಕೊಡವಲ್ರು ವೈನಿ, ಅದಕ್ಕ ತಡ’ ಅಂದಿದ್ದ. ನಾನು ಅವರ ಜೊತೆ ಮಾತು ಕಡಿಮೆ ಮಾಡಿದೆ. ಮಕ್ಕಳಿಗೆ ಹಾಲು ಹಾಕುವಾಗ ನೀರು ಬೆರೆಸುವ ಮಟ್ಟಕ್ಕೆ ಬಂದೆ. ಇದನ್ನು ಬರೆಯುವಾಗ ಕೈ ನಡುಗುತ್ತಿದೆ, ಆದರೂ ಬರೆಯುತ್ತೇನೆ.

ಜುಲೈ 25. ಖಡಕವಾಸಲಾ ಅಣೆಕಟ್ಟೆಯಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಏಕತಾನಗರಿಗೆ ನೀರು ನುಗ್ಗಿದ ದಿನ. ಯಾದಗಿರಿ ಕಡೆಯ ಒಬ್ಬ ತಾಯಿ ರಾತ್ರಿ ಒಂಬತ್ತಾದರೂ ಬರಲಿಲ್ಲ. ಅವಳ ಎರಡೂವರೆ ವರ್ಷದ ಹುಡುಗಿ ನನ್ನ ಸೀರೆ ಸೆರಗು ಹಿಡಿದುಕೊಂಡು ‘ಕಾಕೂ, ಅವ್ವ? ಕಾಕೂ, ಅವ್ವ?’ ಎನ್ನುತ್ತಿತ್ತು. ಕೊನೆಗೆ ಬಂದಳು, ತಲೆಯಿಂದ ಕಾಲಿನವರೆಗೆ ತೊಯ್ದು. ನಾನು ಬಾಗಿಲಲ್ಲೇ ಬಾಯಿ ಮಾಡಿದೆ. ಪುಕ್ಕಟೆ ಸಿಕ್ಕರೆ ಹೀಗೇ, ಒಂದು ರೂಪಾಯಿ ಕೊಡದೆ ಮಗುವನ್ನು ಎಸೆದು ಹೋಗುತ್ತೀರಿ, ನಾಳೆಯಿಂದ ಕರೆದುಕೊಂಡು ಬರಬೇಡ ಅಂದೆ. ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು.

ಅವಳು ಎದುರಾಡಲಿಲ್ಲ. ರವಿಕೆಯೊಳಗಿಂದ ಹಾಲಿನ ಪ್ಯಾಕೆಟ್‌ನಲ್ಲಿ ಸುತ್ತಿದ ಮೊಬೈಲ್ ತೆಗೆದಳು. ಗಾಜು ಒಡೆದಿತ್ತು. ಒದ್ದೆ ಬೆರಳಿಗೆ ಪರದೆ ಓಡಲಿಲ್ಲ, ಮಗಳ ಲಂಗಕ್ಕೆ ಬೆರಳು ಒರೆಸಿಕೊಂಡು ಮತ್ತೆ ಒತ್ತಿದಳು. ಫೋನ್‌ಪೇ ತೆಗೆದು ನನ್ನ ಮುಂದೆ ಹಿಡಿದಳು.

800. 800. 800. 800. 800. 800.

ಫೆಬ್ರವರಿಯಿಂದ ಜುಲೈವರೆಗೆ, ಪ್ರತಿ ತಿಂಗಳು, ಅವನ ಹೆಸರಿಗೆ.

‘ನಾ ತಿಂಗಳಾ ತಿಂಗಳಾ ಹಾಕೀನ್ರಿ ಅಕ್ಕಾರ. ಅರ್ಧಾ ಸರ್ಕಾರದ್ದು, ಅರ್ಧಾ ನಮ್ದು ಅಂದಾರ. ನಿಮಗ ಮುಟ್ಟಿಲ್ಲೇನ್ರಿ?’

ನನಗೆ ಮಾತು ಬರಲಿಲ್ಲ. ಅವಳು ಆ ಆರು ತಿಂಗಳು ನನ್ನ ಬಗ್ಗೆ ಏನಂದುಕೊಂಡಿದ್ದಳೋ! ತಾನು ದುಡ್ಡು ಕೊಡುತ್ತಿದ್ದೇನೆ, ಆದರೂ ಈ ಹೆಂಗಸು ಮುಖ ಗಂಟು ಹಾಕಿಕೊಂಡಿರುತ್ತಾಳೆ ಎಂದುಕೊಂಡಿರಬೇಕು. ಉಳಿದ ತಾಯಂದಿರನ್ನು ಮರುದಿನ ಕೇಳಿದೆ. ಎಲ್ಲರೂ ಕೊಟ್ಟಿದ್ದರು. ಆರು ಮಕ್ಕಳಿಗೆ ಆರು ತಿಂಗಳು, 28,800. ನನ್ನ ಕೈಯಿಂದ ಹೋದದ್ದು 69,400, ಊಟದ ಖರ್ಚು ಬೇರೆ. ಎರಡೂ ಕಡೆಯಿಂದ ತಿಂದ. ನಮ್ಮನ್ನು ಒಬ್ಬರೊಂದಿಗೊಬ್ಬರು ಮಾತಾಡದ ಹಾಗೆ ಮಾಡಿ ತಿಂದ.

ಮುಂದಿನ ವಾರ ಮಹಿಳಾ ಮತ್ತು ಮಕ್ಕಳ ಇಲಾಖೆಯ ಕಚೇರಿಗೆ ಫೈಲಿನ ಜೆರಾಕ್ಸ್ ತೆಗೆದುಕೊಂಡು ಹೋದೆ. ಅಲ್ಲಿದ್ದ ಮೇಡಂ ಒಳ್ಳೆಯವರು, ಕೂರಿಸಿ ಓದಿದರು. ಪೆನ್ನಿನ ತುದಿಯಿಂದ ಮೇಲಿನ ಸಾಲು ತೋರಿಸಿದರು. ಅದು ಕೇಂದ್ರದಿಂದ ಎಲ್ಲ ರಾಜ್ಯಗಳಿಗೆ ಬರೆದ ಪತ್ರ. ನನ್ನ ಹೆಸರೂ ಇಲ್ಲ, ಅವನ ಸಂಸ್ಥೆಯ ಹೆಸರೂ ಇಲ್ಲ. ಯಾರು ಬೇಕಾದರೂ ಪ್ರಿಂಟ್ ತೆಗೆಯಬಹುದಾದ ಕಾಗದ. ಸಿಂಹದ ಮುದ್ರೆ ಕಂಡಿತು, ಅದರ ಕೆಳಗಿನ ಸಾಲನ್ನು ನಾನು ಓದಿರಲಿಲ್ಲ. ಹಿಂದಿ ಓದಲು ಬರುತ್ತದೆ ನನಗೆ, ಆದರೂ ಓದಿರಲಿಲ್ಲ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಪಾಲನಾದ ಹಣ ಕೇಂದ್ರದ್ದು 60, ರಾಜ್ಯದ್ದು 40 ಪಾಲಿನಲ್ಲಿ ಬರುತ್ತದೆ. ಅದು ಅಂಗನವಾಡಿಗೆ ಜೋಡಿಸಿದ ಕೇಂದ್ರ, ಇಲ್ಲವೆ ಯೋಜನೆಯಡಿ ನಡೆಯುವ ಪ್ರತ್ಯೇಕ ಕೇಂದ್ರಕ್ಕೆ. ಮಕ್ಕಳು ಆರು ತಿಂಗಳಿಂದ ಆರು ವರ್ಷದವರು. ಖಾಸಗಿ ಮನೆಗೆ ಮಗುವಿಗೆ ಇಷ್ಟು ಎಂದು ಕೊಡುವ ಪದ್ಧತಿ ಅದರಲ್ಲಿ ಇಲ್ಲ. ಇನ್ನೊಂದು ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಹಳೆಯ ಕ್ರೆಶ್ ಯೋಜನೆಯ ನಿಯಮದಲ್ಲಿ ತಾಯಂದಿರಿಂದ ತೆಗೆದುಕೊಳ್ಳಬೇಕಾದ ಶುಲ್ಕ ಬಡತನ ರೇಖೆಗಿಂತ ಕೆಳಗಿನವರಿಗೆ ತಿಂಗಳಿಗೆ 20 ರೂಪಾಯಿ, ತಿಂಗಳ ಆದಾಯ 12,000ದವರೆಗೆ ಇದ್ದರೆ 100, ಅದಕ್ಕೆ ಮೇಲಾದರೆ 200. ಇವನು 800 ವಸೂಲಿ ಮಾಡಿದ್ದ, ಪಾತ್ರೆ ತಿಕ್ಕುವ ಹೆಣ್ಣುಮಕ್ಕಳಿಂದ.

ಪೊಲೀಸ್ ಚೌಕಿಗೂ ಹೋದೆವು, ನಾನು ಮತ್ತು ಮೂವರು ತಾಯಂದಿರು. ‘ಲೇಖೀ ಕಾಹೀ ಆಹೇ ಕಾ?’ ಬರಹದಲ್ಲಿ ಏನಾದರೂ ಇದೆಯೇ ಅಂದರು. ನನ್ನ ಕೈಯಲ್ಲಿ ಏನಿದೆ, ನಗದು ಕೊಟ್ಟವಳು. ದಿವಾಣಿ (ಸಿವಿಲ್) ಪ್ರಕರಣ, ಕೋರ್ಟಿಗೆ ಹೋಗಿ ಅಂದರು. ತಾಯಂದಿರ ಹತ್ತಿರ ಫೋನ್‌ಪೇ ದಾಖಲೆ ಇತ್ತು, ಓದು ಬರಹ ಬಾರದ ಆ ಹೆಂಗಸರ ಹತ್ತಿರ ಇದ್ದ ಪುರಾವೆ ನನ್ನ ಹತ್ತಿರ ಇರಲಿಲ್ಲ. ಅದರ ಮೇಲೆ ಅರ್ಜಿ ತೆಗೆದುಕೊಂಡಿದ್ದಾರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ ದಾಖಲಿಸಿದ್ದೇವೆ. ತಡವಾಯಿತು ಅಂದರು. ದುಡ್ಡು ಹೋದ ಕೂಡಲೇ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚಂತೆ.

ಅವನಿಗೆ ಫೋನ್ ಮಾಡಿ ಬೈದಾಗ ಬಂದ ಉತ್ತರವನ್ನು ಮರೆಯಲು ಆಗುತ್ತಿಲ್ಲ. ‘ವೈನಿ, ಸಮಾಜಸೇವಾ ಅಂದಮ್ಯಾಲೆ ಸ್ವಲ್ಪ ತಾಳ್ಮೆ ಇರಬೇಕ್ರಿ. ನೀವು ದುಡ್ಡಿನ ಸಲುವಾಗಿನೇ ಮಾಡಿದ್ರೇನು?’ ಹೌದು, ದುಡ್ಡಿನ ಸಲುವಾಗಿಯೇ ಮಾಡಿದೆ. ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ, ಅದರಿಂದ ನನ್ನ ಮನೆ ನಡೆಯುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ಮರುದಿನ ನನ್ನ ನಂಬರ್ ಬ್ಲಾಕ್ ಮಾಡಿದ.

ಇನ್ನೂ ಒಂದು ಭಯ ಇದೆ. ತಪಾಸಣೆ ಅಂತ ಎರಡು ಸಲ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗಿದ್ದ. ತಾಯಂದಿರ ಆಧಾರ್ ಜೆರಾಕ್ಸ್ ಅವನ ಹತ್ತಿರ ಇದೆ. ಬ್ಲಾಕ್ ಮಾಡುವ ಮೊದಲು ಅವನ ಸ್ಟೇಟಸ್‌ನಲ್ಲಿ ನಮ್ಮ ಮನೆಯ ಹಾಲ್‌ನಲ್ಲಿ ಕೂತು ನಮ್ಮ ತಾಟಿನಲ್ಲಿ ಅನ್ನ ಉಣ್ಣುವ ಮಕ್ಕಳ ಫೋಟೋ ಇತ್ತು, ಕೆಳಗೆ ದೇಣಿಗೆ ಕೊಡಿ ಎಂದು ಅವನದೇ ನಂಬರ್. ನಾನು ಬೇಯಿಸಿದ ಅನ್ನ ಅದು.

ಯಾರೇ ಬಂದು ಸರ್ಕಾರ ಕೊಡುತ್ತದೆ ಅಂದರೆ ನಿಮ್ಮ ಹೆಸರಿನ ಮಂಜೂರಾತಿ ಆದೇಶ ಕೈಗೆ ಬರುವ ತನಕ ಒಂದು ಮಗುವನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಡಿ. ಬಂದರೂ ಇಲಾಖೆಯ ಕಚೇರಿಗೆ ಹೋಗಿ ತೋರಿಸಿ. ನಗದು ಕೊಡಬೇಡಿ. ಫೋಟೋ ತೆಗೆಯಲು ಬಿಡಬೇಡಿ. ಎಲ್ಲಕ್ಕಿಂತ ಮೊದಲು ತಾಯಿಯನ್ನು ಕೂರಿಸಿಕೊಂಡು ನೀನು ಯಾರಿಗೆ ಎಷ್ಟು ಕೊಡುತ್ತಿ ಎಂದು ಕೇಳಿ. ನಾನು ಫೆಬ್ರವರಿಯಲ್ಲಿ ಆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಬಡವರ ಮಕ್ಕಳನ್ನು ತೆಗೆದುಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ, ಹಾಗೆ ತಿಳಿಯಬೇಡಿ. ತೆಗೆದುಕೊಳ್ಳುವುದಾದರೆ ನಿಮಗೂ ತಾಯಿಗೂ ನಡುವೆ ಮೂರನೆಯವರು ಬೇಡ.

ಕೆಲಸದ ಬಾಯಿಯನ್ನು ಬಿಡಿಸಬೇಕಾಯಿತು. ಆರರಲ್ಲಿ ಮೂರು ಮಕ್ಕಳು ಅಂಗನವಾಡಿಗೆ ಹೋಗುತ್ತವೆ, ಮಧ್ಯಾಹ್ನದ ನಂತರ ಯಾರು ನೋಡುತ್ತಾರೋ ಗೊತ್ತಿಲ್ಲ. ಒಂದು ಕುಟುಂಬ ಊರಿಗೆ ಹೋಯಿತು. ಎರಡೂವರೆ ವರ್ಷದ ಆ ಹುಡುಗಿ ಮತ್ತು ಇನ್ನೊಬ್ಬ ಹುಡುಗ ನನ್ನ ಹತ್ತಿರವೇ ಇದ್ದಾರೆ. ಅವಳ ತಾಯಿ ತಿಂಗಳಿಗೆ 1,000 ಕೊಡುತ್ತಾಳೆ, ನನ್ನ ಕೈಗೇ, ನಾನು ವಹಿಯಲ್ಲಿ ಬರೆದು ಅವಳ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತೇನೆ. ಆ ರಾತ್ರಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರಿ ಅಕ್ಕಾರ’ ಅಂದಳು. ನನ್ನ ಮುಖ ನೋಡದೆ ಅಂದಳು.

ಹೋದ ವಾರ ಹಡಪಸರದ ಪಾಳಣಾಘರದವರೊಬ್ಬರು ಪರಿಚಯದವರಿಂದ ನಂಬರ್ ಪಡೆದು ಫೋನ್ ಮಾಡಿದರು. ನೀಲಿ ಫೈಲ್, ಟೇಪ್ ಹಿಡಿದ ಹೆಂಗಸು, ಈಗ 15,000 ಕೇಳುತ್ತಿದ್ದಾನಂತೆ. ದೀಪಾವಳಿ ಮುಂಚೆ ಕೊಟ್ಟರೆ ನವೆಂಬರ್‌ನಿಂದ ಮಕ್ಕಳು ಬರುತ್ತಾರೆ ಅಂದಿದ್ದಾನಂತೆ. ನಾನು ಹೇಳಿದ ಹಾಗೆ ಅವರು ಆದೇಶದ ಪ್ರತಿ ಕೇಳಿದರು. ‘ನಾಳೆ ತರ್ತೀನ್ರಿ ವೈನಿ’ ಅಂದು ಹೋದವನು ಇನ್ನೂ ಬಂದಿಲ್ಲ. ಅಲ್ಲಿ ಆಗಲಿಲ್ಲ ಎಂದರೆ ಬೇರೆ ಮನೆಗೆ ಹೋಗುತ್ತಾನೆ. ನಿಮ್ಮಲ್ಲಿ ಯಾರ ಮನೆಗಾದರೂ ಬಂದಿದ್ದರೆ, ದುಡ್ಡು ಕೊಟ್ಟಿದ್ದರೂ ಸರಿ, ನಾಚಿಕೊಳ್ಳದೆ ನನಗೆ ತಿಳಿಸಿ. ನಮ್ಮ ಅರ್ಜಿಯಲ್ಲಿ ಈಗ ನಾಲ್ಕು ಹೆಸರಿದೆ.