ನಿಮ್ಹಾನ್ಸ್ ಮೆದುಳು ಮ್ಯೂಸಿಯಂ: ಆ ಕಪ್ಪು ಗೆರೆ ನೋಡಿ ಬಂದೆ

ಅಪ್ಪನಿಗೆ ಏನೋ ಆಗಿದೆ ಎಂದು ಮೊದಲು ಹೇಳಿದ್ದು ನಮ್ಮ ಅಡುಗೆಮನೆಯ ಕ್ಯಾಲೆಂಡರು. ಅಪ್ಪ ಪೋಸ್ಟ್ ಮಾಸ್ಟರ್ ಆಗಿದ್ದವರು. ಹಾಲಿನ ಲೆಕ್ಕವನ್ನು ದಿನಾ ಅದರ ಮೇಲೆ ದುಂಡಗೆ ಬರೆಯುತ್ತಿದ್ದರು. ಒಂದು ವರ್ಷದಲ್ಲಿ ಆ ಅಕ್ಷರ ಸಾಸಿವೆ ಕಾಳಿನಷ್ಟಾಯಿತು. ಕೈ ನಡುಕ ಬಂದದ್ದು ಆಮೇಲೆ. ಮೊದಲು ತೋರಿಸಿದ ಡಾಕ್ಟರು "ವಯಸ್ಸಾಯ್ತಲ್ಲ" ಎಂದು ಕಳಿಸಿಬಿಟ್ಟರು. ಪಾರ್ಕಿನ್ಸನ್ ಅಂತ ಗೊತ್ತಾಗಲು ಇನ್ನೂ ಎಂಟು ತಿಂಗಳು ಬೇಕಾಯಿತು. ಗೊತ್ತಾದ ಮೇಲೂ ಒಳಗೆ ಏನು ಹಾಳಾಗಿದೆ ಎಂಬುದು ನನಗೆ ತಿಳಿದಿರಲಿಲ್ಲ.

ಅದು ತಿಳಿದದ್ದು ಹೋದ ತಿಂಗಳು, ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂನಲ್ಲಿ. ಪಿಯುಸಿಯಲ್ಲಿ ಬಯಾಲಜಿ ಓದುವ ಮಗಳು ಹಟ ಹಿಡಿದಿದ್ದಳು. ಒಂದು ಶನಿವಾರ ಬೆಳಿಗ್ಗೆಯೇ ತುಮಕೂರಿನಿಂದ ಹೊರಟೆವು.

ಇಲ್ಲಿರುವ ಮೆದುಳುಗಳೆಲ್ಲ ನಿಜವಾದವು. ಡಾ. ಎಸ್. ಕೆ. ಶಂಕರ್ ಎಂಬ ನ್ಯೂರೋಪ್ಯಾಥಾಲಜಿಸ್ಟ್ (ಮೆದುಳು, ನರಗಳನ್ನು ಕೊಯ್ದು ನೋಡಿ ಕಾಯಿಲೆ ಗುರುತಿಸುವ ತಜ್ಞರು) ಹಲವು ದಶಕ ಕೂತು ಕೂಡಿಸಿದ ಸಂಗ್ರಹ ಇದು. ಪಾರ್ಶ್ವವಾಯು ಹೊಡೆದದ್ದು, ಗಡ್ಡೆ ಬೆಳೆದದ್ದು, ಆಲ್‌ಝೈಮರ್‌ನಿಂದ ಸೊರಗಿ ಮಡಿಕೆಗಳ ನಡುವೆ ಸಂದು ಬಿಟ್ಟದ್ದು, ಎಲ್ಲವೂ ಇವೆ. ಲಾಡಿಹುಳುವಿನ ಗೂಡುಗಳು ತುಂಬಿದ ಮೆದುಳಿನ ಮುಂದೆ ಮಗಳು ತುಂಬಾ ಹೊತ್ತು ನಿಂತಳು. ಆ ಹುಳುವಿನ ಮೊಟ್ಟೆ ಸರಿಯಾಗಿ ತೊಳೆಯದ ತರಕಾರಿಯಿಂದಲೂ ಹೊಟ್ಟೆಗೆ ಹೋಗುತ್ತದೆ. ಅಂದಿನಿಂದ ಮನೆಯಲ್ಲಿ ಕೊತ್ತಂಬರಿ ಸೊಪ್ಪು ತೊಳೆಯುವ ಕೆಲಸ ಅವಳದೇ.

ನಾನು ಹುಡುಕುತ್ತಿದ್ದದ್ದು ಬೇರೆ. ಮೆದುಳಿನ ಬುಡದಲ್ಲಿ, ಬೆನ್ನುಹುರಿಗೆ ಇಳಿಯುವ ಕಾಂಡದ ಮೇಲ್ತುದಿಯಲ್ಲಿ, ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಒಂದು ಜಾಗ ಇದೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ಕಪ್ಪು ವಸ್ತು. ಅಡ್ಡ ಕೊಯ್ದರೆ ಎರಡೂ ಕಡೆ ಕಾಡಿಗೆ ಎಳೆದ ಹಾಗೆ ಒಂದೊಂದು ಗೆರೆ ಕಾಣುತ್ತದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ತಯಾರಿಸುತ್ತವೆ, ಕೈಕಾಲಿನ ಚಲನೆಯನ್ನು ಹದದಲ್ಲಿಡುವ ರಾಸಾಯನಿಕ ಅದು. ಆ ಕೆಲಸದಲ್ಲೇ ಹುಟ್ಟುವ ಬಣ್ಣ ಅವುಗಳ ಒಳಗೆ ಕೂಡುತ್ತಾ ಹೋಗುತ್ತದೆ. ಪಾರ್ಕಿನ್ಸನ್ ಬಂದವರಲ್ಲಿ ಈ ಕೋಶಗಳು ಸಾಯುತ್ತವೆ, ಗೆರೆ ಮಾಸುತ್ತದೆ. ಕೈ ನಡುಗುವ ಹೊತ್ತಿಗೆ ಅರ್ಧದಷ್ಟೋ ಇನ್ನೂ ಜಾಸ್ತಿಯೋ ಹೋಗಿರುತ್ತವಂತೆ. ಮಾಸಿದ ಆ ಗೆರೆಯನ್ನು ನೋಡುತ್ತಾ ನನಗೆ ಕ್ಯಾಲೆಂಡರೇ ಕಣ್ಣ ಮುಂದೆ ಬಂತು. ಅಕ್ಷರ ಚಿಕ್ಕದಾದದ್ದು ಇಲ್ಲಿಂದ, ಇಷ್ಟೇ ಇಷ್ಟು ಜಾಗದಿಂದ.

ಮಾತ್ರೆಯ ವಿಷಯವೂ ಆಗಲೇ ಬಿಡಿಸಿಕೊಂಡಿತು. ಡೋಪಮಿನ್ ಅನ್ನೇ ನುಂಗಿದರೆ ಅದು ರಕ್ತದಿಂದ ಮೆದುಳಿನೊಳಗೆ ದಾಟುವುದಿಲ್ಲ. ಅದಕ್ಕೇ ಲೆವೊಡೋಪ ಕೊಡುತ್ತಾರೆ. ಅದು ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಆದರೆ ಊಟದ, ಹಾಲಿನ ಪ್ರೋಟೀನೂ ಕರಗಿ ಅದೇ ಬಾಗಿಲಲ್ಲಿ ಒಳಗೆ ಹೋಗಬೇಕು, ಎರಡೂ ಒಟ್ಟಿಗೆ ಬಂದರೆ ಮಾತ್ರೆಗೆ ದಾರಿ ಕಿರಿದಾಗುತ್ತದೆ. ಅಪ್ಪ ಮಾತ್ರೆಯನ್ನು ಹಾಲಿನ ಜೊತೆ ನುಂಗುತ್ತಿದ್ದರು. ಈಗಿನ ಡಾಕ್ಟರು ಬೇಡ ಎಂದಿದ್ದರು, ನಾವೇ ಗಟ್ಟಿಯಾಗಿ ಹಿಡಿದಿರಲಿಲ್ಲ. ಕಾರಣ ಗೊತ್ತಾದ ಮೇಲೆ ಒಂದು ದಿನವೂ ಹಾಲಿನ ಜೊತೆ ಕೊಟ್ಟಿಲ್ಲ. (ನಿಮ್ಮ ಮನೆಯವರ ಮಾತ್ರೆಯ ಹೊತ್ತನ್ನು ನಿಮ್ಮ ಡಾಕ್ಟರನ್ನೇ ಕೇಳಿ.) ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿ ಬೀಜದಲ್ಲೂ ಇದೇ ಲೆವೊಡೋಪ ಇದೆ. ಹಾಗಂತ ಸುಮ್ನೆ ಪುಡಿ ಮಾಡಿ ಕೊಡಬೇಡಿ, ಪ್ರಮಾಣ ಹೆಚ್ಚುಕಡಿಮೆಯಾದರೆ ಕಷ್ಟ.

ಕೈಗೆ ಗ್ಲೌಸ್ ಹಾಕಿಸಿ ಒಂದು ಇಡೀ ಮೆದುಳನ್ನು ಹಿಡಿಯಲು ಕೊಟ್ಟರು. ಒಂದೂಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟದ್ದು ಆರಿದ ಮುದ್ದೆಯಂತೆ ಗಟ್ಟಿ. ಜೀವ ಇರುವವರ ತಲೆಯಲ್ಲಿ ಅದು ಗಿಣ್ಣಿನಷ್ಟು ಮೆತ್ತಗಿರುತ್ತದೆ. ಯಾರೋ ಒಬ್ಬರು ಇದರಲ್ಲಿ ಮಕ್ಕಳ ಹೆಸರು ನೆನಪಿಟ್ಟುಕೊಂಡಿದ್ದರು ಅಲ್ವಾ? ನನ್ನ ಕಣ್ಣು ತುಂಬಿತು.

ಮ್ಯೂಸಿಯಂಗಿಂತ ದೊಡ್ಡ ಕೆಲಸ ನಡೆಯುವುದು ಇಲ್ಲಿನ ಬ್ರೈನ್ ಬ್ಯಾಂಕ್‌ನಲ್ಲಿ. 1995ರಲ್ಲಿ ಶುರುವಾದದ್ದು. ಮನೆಯವರು ಒಪ್ಪಿ ಕೊಟ್ಟ ಮೆದುಳಿನ ತುಣುಕುಗಳು ಇಲ್ಲಿಂದ ಸಂಶೋಧಕರಿಗೆ ಹೋಗುತ್ತವೆ. ಫಾರ್ಮಲಿನ್‌ನಲ್ಲಿಟ್ಟರೆ ಕೋಶದ ಆಕಾರ ನೋಡಬಹುದು. ಒಳಗಿನ ಪ್ರೋಟೀನು, ಆರ್‌ಎನ್‌ಎ ಪರೀಕ್ಷಿಸಲು ಮಾತ್ರ ಸಾವಾದ ಕೆಲವೇ ಗಂಟೆಗಳಲ್ಲಿ ತೆಗೆದು ಕಡು ಶೀತದಲ್ಲಿ ಇಡಬೇಕು. ಉದಾಹರಣೆಗೆ, ಪಾರ್ಕಿನ್ಸನ್ ಬಂದ ಕೋಶಗಳಲ್ಲಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಉಂಡೆ ಕಟ್ಟುತ್ತದೆ. ಇಲಿಗಳಲ್ಲಿ ಎಷ್ಟೇ ಪ್ರಯೋಗ ಮಾಡಿದರೂ ಮನುಷ್ಯನ ಕಾಯಿಲೆಗೆ ಮನುಷ್ಯನ ಮೆದುಳನ್ನೇ ನೋಡಬೇಕು. ರಾಜ್‌ಕುಮಾರ್, ಪುನೀತ್ ಅವರಿಂದ ನಮ್ಮೂರಲ್ಲೆಲ್ಲ ನೇತ್ರದಾನ ಗೊತ್ತು. ಇದನ್ನೂ ಕೊಡಬಹುದು ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ನಮ್ಮಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ಫೋನ್ ಮಾಡಿಯೇ ಹೊರಡಿ. ತೀರಾ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಮನೆಯಲ್ಲಿ ನರದ ಕಾಯಿಲೆಯವರಿದ್ದು, ಅವರನ್ನು ನೋಡಿಕೊಳ್ಳುವವರು ನೀವಾಗಿದ್ದರೆ ಖಂಡಿತ ಹೋಗಿ.

ಸಂಜೆ ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಆ ಎರಡು ಗೆರೆ ಬರೆದು ಅಪ್ಪನಿಗೆ ತೋರಿಸಿದೆ. ಪೆನ್ಸಿಲ್ ಇಸಿದುಕೊಂಡು, ನಡುಗುವ ಕೈಯಲ್ಲೇ ಗೆರೆಗಳನ್ನು ತಿದ್ದಿ ಕಪ್ಪು ಮಾಡಿದರು. "ಮುಂದಿನ ಸಲ ನಾನೂ ಬರ್ತೀನಿ ಕಣಮ್ಮ" ಅಂದರು. ವೀಲ್‌ಚೇರ್ ಒಳಗೆ ಹೋಗುತ್ತದಾ ಅಂತ ಸೋಮವಾರ ಫೋನ್ ಮಾಡಿ ಕೇಳಬೇಕು.