ಕಕ್ಕಡದ ಮಳೆಗೆ ಯಾವ ಸ್ಟಾರ್ ಟ್ರೆಕ್ ಪುಸ್ತಕ?

ಕಕ್ಕಡ ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಜೇಮ್ಸ್ ಬ್ಲಿಷ್ ಬರೆದ ಹಳೇ ತೆಳು ಪುಸ್ತಕಕ್ಕೆ. ಸ್ಟಾರ್ ಟ್ರೆಕ್ ಅಂದರೆ ಬಾಹ್ಯಾಕಾಶದ ಕಥೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ. ಆ ಹೆಸರಿನಲ್ಲಿ ಬಂದಿರುವ ಮೂರು ಥರದ ಪುಸ್ತಕಗಳನ್ನು ಈ ಮಳೆಗಾಲದಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಟಿವಿ ಕಂತುಗಳನ್ನೇ ಸಣ್ಣಕಥೆ ಮಾಡಿದ್ದು ಒಂದು, ಅದೇ ಬ್ಲಿಷ್‌ದು. ಸಿನಿಮಾವನ್ನು ಕಾದಂಬರಿ ಮಾಡಿದ್ದು ಇನ್ನೊಂದು. ಟಿವಿಯಲ್ಲಿ ಮುಗಿದ ಕಥೆಯನ್ನು ಮುಂದಕ್ಕೆ ಎಳೆಯುವ ದಪ್ಪ ಕಾದಂಬರಿ ಮತ್ತೊಂದು. ದುಡ್ಡು ಜಾಸ್ತಿ ಹೋಗಿದ್ದು ಈ ಕೊನೆಯದಕ್ಕೆ, ತಲೆ ಕೆಟ್ಟಿದ್ದೂ ಅದರಿಂದಲೇ.

ಅದರ ಹೆಸರು ಬೇಡ ಬಿಡಿ. ಸ್ಟಾರ್ ಟ್ರೆಕ್ ಹೆಸರಿನಲ್ಲೇ ಆಮೇಲೆ ಬಂದ ಡೀಪ್ ಸ್ಪೇಸ್ ನೈನ್ ಎಂಬ ಧಾರಾವಾಹಿ 1999ರಲ್ಲಿ ಮುಗಿಯಿತು. ಆಮೇಲೆ ಏನಾಯಿತು ಎಂದು ಹೇಳುವ ಕಾದಂಬರಿಗಳು 2001ರಿಂದ ಬರತೊಡಗಿದವು. ನನ್ನ ಕೈಗೆ ಸಿಕ್ಕಿದ್ದು ಆ ಸಾಲಿನ ನಡುವಿನ ಒಂದು ಪುಸ್ತಕ. ಎಷ್ಟನೇ ಭಾಗ ಎಂಬ ಸುಳಿವು ಮುಖಪುಟದಲ್ಲಿ ಇಲ್ಲವೇ ಇಲ್ಲ. ಹಿಂಬದಿ ಓದಿದರೆ ಇದರಲ್ಲೇ ಶುರುವಾಗಿ ಇದರಲ್ಲೇ ಮುಗಿಯುವ ಕಥೆ ಅನ್ನಿಸುತ್ತದೆ. ಒಳಗೆ ಹೋದರೆ ಮೊದಲ ಅಧ್ಯಾಯದಲ್ಲೇ ಒಬ್ಬಳು ಅಧಿಕಾರಿ, ಸತ್ತ ಗೆಳೆಯನನ್ನು ನೆನೆದು ಗೋಡೆಗೆ ಒರಗಿ ಅಳುತ್ತಾಳೆ. ಅವಳು ಯಾರು? ಟಿವಿಯಲ್ಲಿ ಇರಲೇ ಇಲ್ಲ. ಸತ್ತವನು? ಅವನೂ ಇರಲಿಲ್ಲ. ಇಬ್ಬರೂ ಹಿಂದಿನ ಯಾವುದೋ ಕಾದಂಬರಿಯಲ್ಲಿ ಹುಟ್ಟಿದವರು.

ಮುಂದೆ ಹೋದ ಹಾಗೆಲ್ಲ ಇದೇ ಗೋಳು. ‘ಆ ಘಟನೆಯ ನಂತರ’ ಅನ್ನುತ್ತಾರೆ, ‘ಅವತ್ತು ಮಾಡಿದ ತೀರ್ಮಾನ’ ಅನ್ನುತ್ತಾರೆ. ಯಾವ ಘಟನೆ ಮಾರಾಯ್ರೇ? ಬೇರೆ ಊರಲ್ಲಾದರೆ ಮೊಬೈಲ್ ತೆಗೆದು ಹುಡುಕಬಹುದು. ನಮ್ಮದು ಮಡಿಕೇರಿಯಿಂದ ಒಳಗೆ, ತೋಟದ ಮನೆ. ಕಕ್ಕಡ ಶುರುವಾದರೆ ಎಲ್ಲಾದರೂ ಲೈನ್ ಮೇಲೆ ಮರ ಬಿದ್ದೇ ಬೀಳುತ್ತದೆ. ಕರೆಂಟು ಹೋದ ಹಿಂದೆಯೇ ಟವರೂ ಸಾಯುತ್ತದೆ. ಎಮರ್ಜೆನ್ಸಿ ಲೈಟ್ ಬೆಳಕಲ್ಲಿ ಕೂತವನಿಗೆ ಪುಸ್ತಕ ತಾನೇ ಎಲ್ಲ ಹೇಳಬೇಕು, ಅಲ್ವಾ? ಅಕ್ಕನ ಮಗ ಬಂದಿದ್ದ. ಎತ್ತಿ ತಿರುವಿ ನೋಡಿ, “ಮಾವ, ಇದರ ಮೊದಲನೇ ಪುಸ್ತಕ ಎಲ್ಲಿ?” ಎಂದ. “ಅದನ್ನೇ ನಾನೂ ಕೇಳ್ತಾ ಇರೋದು” ಎಂದೆ.

ಕರೆಂಟು ಬಂದ ಮೇಲೆ ಹುಡುಕಿದರೆ ಇನ್ನೂ ದೊಡ್ಡ ಕಥೆ. ಸ್ಟಾರ್ ಟ್ರೆಕ್‌ನಲ್ಲಿ ಪರದೆ ಮೇಲೆ ಬಂದದ್ದೇ ಅಧಿಕೃತ, ಕಾದಂಬರಿಗಳು ಆ ಲೆಕ್ಕಕ್ಕಿಲ್ಲ. 2020ರಲ್ಲಿ ಪಿಕಾರ್ಡ್ ಎಂಬ ಹೊಸ ಧಾರಾವಾಹಿ ಬಂತು. ಕಾದಂಬರಿಗಳು ಆಗಲೇ ಹೇಳಿ ಮುಗಿಸಿದ್ದ ಕಾಲವನ್ನು ಅದು ಬೇರೆಯೇ ದಾರಿಯಲ್ಲಿ ಹೇಳಿತು. ಇಪ್ಪತ್ತು ವರ್ಷ ಕಟ್ಟಿದ್ದ ಕಾದಂಬರಿ ಸಾಲಿಗೆ 2021ರಲ್ಲಿ ಮೂರು ಪುಸ್ತಕ ಬರೆದು ಬಾಗಿಲು ಹಾಕಿದರು. ಅಂದರೆ ನಾನು ಕೂತು ಬಿಡಿಸುತ್ತಿದ್ದದ್ದು ಮುಚ್ಚಿಹೋದ ಅಂಗಡಿಯ ಸಾಲದ ಪುಸ್ತಕ. ಬರವಣಿಗೆ ಕೆಟ್ಟದೇನಲ್ಲ. ಮೊದಲಿನಿಂದ ಓದಿಕೊಂಡು ಬಂದವರಿಗೆ ಆ ಅಧಿಕಾರಿಯ ಅಳು ತಟ್ಟಲೂಬಹುದು. ಆದರೆ ಹಾಗೆ ಓದಬೇಕಾದರೆ ಒಂದು ಕಪಾಟು ಪುಸ್ತಕ ಬೇಕು. ಕಾಫಿ ರೇಟ್ ಏರಿದ ವರ್ಷವೂ ನಾನು ಅಷ್ಟು ಖರ್ಚು ಮಾಡುವವನಲ್ಲ.

ಸಿನಿಮಾ ಕಾದಂಬರಿ 1979ರದ್ದು. ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡನ್‌ಬೆರಿಯೇ ಬರೆದದ್ದು. ಕಥಾನಾಯಕ ಕರ್ಕ್‌ನೇ ಮುನ್ನುಡಿ ಬರೆದ ಹಾಗೆ ಮಾಡಿದ್ದಾರೆ, ಅದು ಮಜಾ ಇದೆ. ಉಳಿದದ್ದು ಸಿನಿಮಾದಷ್ಟೇ ನಿಧಾನ.

ಇನ್ನು ಬ್ಲಿಷ್. ಇವರು ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯನ್ನು 1959ರಲ್ಲೇ ಪಡೆದಿದ್ದ ಕಥೆಗಾರ. ಮೊದಲ ಸಂಪುಟ ಬಂದದ್ದು 1967ರಲ್ಲಿ, ಮೊದಲ ಸ್ಟಾರ್ ಟ್ರೆಕ್ ಧಾರಾವಾಹಿ ಇನ್ನೂ ಓಡುತ್ತಿದ್ದಾಗ. ಅದರಲ್ಲಿ ಏಳೇ ಕಥೆ, ಒಂದೊಂದೂ ಇಪ್ಪತ್ತು ಪುಟದ ಆಸುಪಾಸು. ಊಟಕ್ಕೆ ಕರೆಯುವುದರೊಳಗೆ ಒಂದು ಮುಗಿಯುತ್ತದೆ. 1966ರಲ್ಲಿ ಮೊದಲು ಪ್ರಸಾರವಾದ ಕಂತು ಇದರಲ್ಲಿದೆ. ಉಪ್ಪಿಗಾಗಿ ಮನುಷ್ಯರನ್ನು ಕೊಲ್ಲುವ ಪ್ರಾಣಿ. ಅದು ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಮುಖ ತೋರಿಸುತ್ತದೆ. ಡಾಕ್ಟರ್ ಮೆಕಾಯ್ ಕಣ್ಣಿಗೆ ಅದು ಅವನ ಹಳೇ ಪ್ರೇಯಸಿ. ಇದನ್ನು ತಿಳಿಯಲು ಹಿಂದಿನದು ಏನೂ ಓದಿರಬೇಕಾಗಿಲ್ಲ, ಮೆಕಾಯ್ ಯಾರು ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಬ್ಲಿಷ್ ಬರೆದದ್ದು ಸ್ಕ್ರಿಪ್ಟ್ ಪ್ರತಿ ಮುಂದಿಟ್ಟುಕೊಂಡು. ಹಾಗಾಗಿ ಪರದೆಯ ಕಥೆಗೂ ಇದಕ್ಕೂ ಅಲ್ಲಲ್ಲಿ ವ್ಯತ್ಯಾಸ. ನನಗೆ ಅದು ತೊಂದರೆಯಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಬರುತ್ತಿದ್ದಾಗ ನಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲ. ಒಟ್ಟು 12 ಸಂಪುಟ ಬಂದವು. 1975ರಲ್ಲಿ ಬ್ಲಿಷ್ ತೀರಿಕೊಂಡರು, ಕೊನೆಯದನ್ನು ಹೆಂಡತಿ ಜೆ.ಎ. ಲಾರೆನ್ಸ್ ಮುಗಿಸಿದರು.

ಕೊರತೆ ಇಲ್ಲ ಅಂತಲ್ಲ. ಅಕ್ಷರ ತೀರಾ ಸಣ್ಣ. ಹೆಣ್ಣು ಪಾತ್ರಗಳನ್ನು ಬರೆದ ರೀತಿ ಆ ಕಾಲದ್ದೇ. ಹಳೇ ಪೇಪರ್‌ಬ್ಯಾಕ್ ಆದ್ದರಿಂದ ನಮ್ಮ ಹವೆಗೆ ಬೇಗ ಬೂಷ್ಟು ಹಿಡಿಯುತ್ತದೆ. ಒಲೆ ಮೇಲಿನ ಅಟ್ಟದಲ್ಲಿಟ್ಟು ಉಳಿಸಿಕೊಂಡಿದ್ದೇನೆ, ಈಗ ಪುಟ ತೆರೆದರೆ ಸುಟ್ಟ ಹಂದಿ ಮಾಂಸದ ವಾಸನೆ.

ನಾನು ಓದುವುದು ಸಂಜೆ ಮಾತ್ರ, ಒಂಬತ್ತಕ್ಕೆಲ್ಲ ಮಲಗುತ್ತೇನೆ, ಕೊಳ್ಳುವುದು ಸೆಕೆಂಡ್ ಹ್ಯಾಂಡ್. ಹಾಗಾಗಿ ಬ್ಲಿಷ್‌ನ ಉಳಿದ ಸಂಪುಟಗಳು ಸಿಕ್ಕಿದ ಹಾಗೆ ತೆಗೆದುಕೊಳ್ಳುವುದು ಅಂತ ಮಾಡಿದ್ದೇನೆ. ಡೀಪ್ ಸ್ಪೇಸ್ ನೈನ್ ಸಾಲನ್ನು ಮೊದಲಿನಿಂದ ಓದಿರುವವರು ಮಡಿಕೇರಿ ಕಡೆ ಯಾರಾದರೂ ಇದ್ದರೆ ಹೇಳಿ, ದಪ್ಪದ್ದನ್ನು ಸಂತೆ ದಿನ ತಂದುಕೊಡುತ್ತೇನೆ. ಅರ್ಧ ರೇಟ್ ಕೊಟ್ಟರೆ ಸಾಕು.