ಹೋದ ವೇಷ, ಬಂದ ವೇಷ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನ ನಾಲ್ಕು ಅಂಕಿ ತಾಣಗಳು

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕುಂಬಳೆಯಿಂದ ಬದಿಯಡ್ಕದವರೆಗೆ ಯಕ್ಷಗಾನ ನೋಡುವವರ ಬಾಯಲ್ಲಿ ಒಂದೇ ಮಾತು: ಪುಂಡುವೇಷದವ ಮೇಳ ಬಿಟ್ಟನಂತೆ, ಅವನ ಜಾಗಕ್ಕೆ ಬಂದವ ಅಷ್ಟು ಕುಣಿದಾನಾ? ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡುವವರಿಗೆ ಇದೇ ಗಲಾಟೆ ಸೀಸನ್ ಮುಗಿಯುವ ಹೊತ್ತಿಗೆ ಶುರು. ಅಲ್ಲಿ ಮಾತ್ರ ಪ್ರತಿ ಕುಣಿತಕ್ಕೂ ಲೆಕ್ಕ ಬರೆಯುವವರಿದ್ದಾರೆ. ಆ ಲೆಕ್ಕ ಕೊಡುವ ನಾಲ್ಕು ತಾಣಗಳಲ್ಲಿ ಯಾವುದು ಯಾವುದಕ್ಕೆ ಒದಗುತ್ತದೆ, ಯಾವುದಕ್ಕೆ ದುಡ್ಡು ಕೊಡಬಹುದು, ಎಲ್ಲಿ ಮೋಸ ಹೋಗುತ್ತೇವೆ ಎಂಬುದು ಇಲ್ಲಿನ ವಿಷಯ.

ಮೊದಲು ನಿಯಮ. ಆಟಗಾರರು ಹೆಸರು ಹಾಕಿ ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂದದ್ದು 2018ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ, ಬಂದ ಮೇಲೂ ಕೆಲ ಕಾಲ, ಕಾಲೇಜು ಬಿಟ್ಟವ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಕೂರದೆ ಬದಲಿಸಬಹುದು ಎಂದಾಯಿತು. 2024ರಿಂದ ಓದಿನಲ್ಲಿ ಅರ್ಹತೆ ಇದ್ದರೆ ಎಷ್ಟು ಸಲವಾದರೂ ಸರಿ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರಿನ ಜಾಹೀರಾತಿನಿಂದ ಹಣ ಮಾಡಬಹುದು. 2025-26ರಿಂದ ಕಾಲೇಜುಗಳೇ ನೇರವಾಗಿ ಹಣ ಹಂಚಬಹುದು, ಎಲ್ಲ ಆಟಗಳಿಗೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಹೀಗಾಗಿ ಒಂದು ತಂಡದ ಅರ್ಧಕ್ಕರ್ಧ ಮಂದಿ ಒಂದೇ ಬೇಸಿಗೆಯಲ್ಲಿ ಬದಲಾಗುವುದು ಈಗ ಸಾಮಾನ್ಯ ಸಂಗತಿ. 2025ರಲ್ಲಿ ಪೋರ್ಟಲ್ ತೆರೆದಿದ್ದದ್ದು ಮಾರ್ಚ್ 24ರಿಂದ ಏಪ್ರಿಲ್ 22ರವರೆಗೆ. ಆ ಕೊನೆಯ ದಿನ ಹೆಸರು ಹಾಕುವುದಕ್ಕೆ ಮಾತ್ರ, ಹೊಸ ಕಾಲೇಜು ಆರಿಸುವುದಕ್ಕಲ್ಲ. ಇದು ಗೊತ್ತಿಲ್ಲದೆ ಪೋರ್ಟಲ್ ಮುಚ್ಚಿದ ಮರುದಿನವೇ ‘ಮುಗಿಯಿತು, ನಮಗೆ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದವ) ಸಿಗಲಿಲ್ಲ’ ಎಂದು ಗೋಳಾಡುವವರು ಪ್ರತಿ ವರ್ಷ ಇರುತ್ತಾರೆ.

ಇನ್ನು ತಾಣಗಳು. ಹೈಸ್ಕೂಲಿನಿಂದ ನೇರ ಬರುವ ಹುಡುಗನ ಬಗ್ಗೆ ಮೊದಲು ತೆರೆಯುವುದು 247ಸ್ಪೋರ್ಟ್ಸ್. ಅದರ ಸ್ವಂತ ಅಂಕದಲ್ಲಿ 98ರಿಂದ ಮೇಲೆ ಐದು ತಾರೆ, 90ರಿಂದ 97ಕ್ಕೆ ನಾಲ್ಕು, 80ರಿಂದ 89ಕ್ಕೆ ಮೂರು. ಪಕ್ಕದಲ್ಲಿ ‘ಕಾಂಪೊಸಿಟ್’ ಎಂಬ ಇನ್ನೊಂದು ಅಂಕ ಇರುತ್ತದೆ. ಅದು ಬೇರೆ ಬೇರೆ ಸಂಸ್ಥೆಗಳ ಶ್ರೇಯಾಂಕ ಸೇರಿಸಿ ತೆಗೆದದ್ದು. ನೋಡಬೇಕಾದದ್ದು ಅದನ್ನೇ, ಒಬ್ಬನೇ ವರದಿಗಾರನ ಮೆಚ್ಚುಗೆಯನ್ನಲ್ಲ. ಯಾವ ಹುಡುಗ ಯಾವ ಕಾಲೇಜಿಗೆ ಹೋದಾನು ಎಂದು ಶೇಕಡಾವಾರು ಭವಿಷ್ಯ ಹೇಳುವ ‘ಕ್ರಿಸ್ಟಲ್ ಬಾಲ್’ ಕೂಡ ಅಲ್ಲಿದೆ. ನಮ್ಮಲ್ಲಿ ಅಷ್ಟಮಂಗಲ ಪ್ರಶ್ನೆ ಇಡಿಸುವಷ್ಟು ಭಕ್ತಿ ಅದಕ್ಕೆ ಬೇಡ.

ತಾರೆಗಳಲ್ಲಿ ಒಂದು ತೊಡಕಿದೆ. ಹುಡುಗ ಮುಂದೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಗೆ ಹೋಗುವ ಸರಕೇ ಎಂಬ ಅಂದಾಜೂ ಅದರಲ್ಲಿ ಬೆರೆತಿರುತ್ತದೆ. ಕಾಲೇಜು ಸೀಸನ್ ಶುರುವಾಗುವ ನವೆಂಬರಿನಲ್ಲಿ ಎಷ್ಟು ಉಪಯೋಗ ಎಂಬುದು ಬೇರೆ ಪ್ರಶ್ನೆ. ಮೇಲಾಗಿ ಹೈಸ್ಕೂಲ್ ಪಂದ್ಯ 32 ನಿಮಿಷದ್ದು, ತ್ರೀ ಪಾಯಿಂಟ್ ಗೆರೆ 6.02 ಮೀಟರಿನಲ್ಲಿ, ಶಾಟ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ಗಡಿಯಾರ) ಇಲ್ಲದ ರಾಜ್ಯಗಳೂ ಇವೆ. ಪುರುಷರ ಕಾಲೇಜು ಪಂದ್ಯ 40 ನಿಮಿಷ, ಗೆರೆ 6.75 ಮೀಟರ್, 30 ಸೆಕೆಂಡಿನ ಗಡಿಯಾರ. ಮುಕ್ಕಾಲು ಮೀಟರ್ ಹತ್ತಿರದಿಂದ ಎಸೆದು ಗಳಿಸಿದ ಶೇಕಡಾ 40ನ್ನು ಹಾಗೆಯೇ ಎತ್ತಿ ಕಾಲೇಜಿನ ಕೋರ್ಟಿನಲ್ಲಿ ಇಡಲು ಬರುವುದಿಲ್ಲ. ಈ ಹುಡುಗರ ವಿಷಯದಲ್ಲಿ ಹೆಚ್ಚು ನಂಬಬಹುದಾದದ್ದು ಫೌಲ್ ಆದಾಗ ಸಿಗುವ ಫ್ರೀ ಥ್ರೋ: ಅದರ ದೂರ ಎರಡೂ ಕಡೆ ಒಂದೇ, ಅಡ್ಡ ಬರುವವನೂ ಇಲ್ಲ. ಫ್ರೀ ಥ್ರೋ 80ರ ಮೇಲಿದ್ದು ತ್ರೀ 30 ಇದ್ದರೆ ಕೈ ಒಳ್ಳೆಯದು, ಗೆರೆಗೆ ಒಗ್ಗಲು ಸಮಯ ಬೇಕು ಅಷ್ಟೆ. ತ್ರೀ 40, ಫ್ರೀ ಥ್ರೋ 60 ಎಂದಿದ್ದರೆ ಅನುಮಾನ ಪಡಿ.

ನಾಲ್ಕರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಬಾರ್ಟ್ ಟಾರ್ವಿಕ್ ತಾಣ. ಪೂರ್ತಿ ಉಚಿತ. ನೋಡಲು ಸಹಕಾರಿ ಬ್ಯಾಂಕಿನ ಹಳೆಯ ಲೆಡ್ಜರ್ ಇದ್ದಂತಿದೆ, ಚಂದ ಎಂಬುದು ಹುಡುಕಿದರೂ ಸಿಗದು. ಮೊಬೈಲಿನಲ್ಲಿ ಕೋಷ್ಟಕ ಬಲಕ್ಕೆ ಓಡಿಹೋಗುತ್ತದೆ; ಫೋನನ್ನು ಅಡ್ಡ ಹಿಡಿಯದೆ ಓದಲಾಗುವುದಿಲ್ಲ. ಆದರೆ ಆಟಗಾರರ ಪುಟದಲ್ಲಿ ಎದುರಾಳಿಯ ಮಟ್ಟ, ದಿನಾಂಕ, ಮೈದಾನ ಎಲ್ಲವನ್ನೂ ಜರಡಿ ಹಿಡಿಯುವ ಸೌಲಭ್ಯವಿದೆ. ಎದುರು ವೇಷ ಯಾರದ್ದು ಎಂದು ನೋಡದೆ ಕುಣಿತಕ್ಕೆ ಬೆಲೆ ಕಟ್ಟಬಾರದಲ್ಲ, ಇಲ್ಲಿಯೂ ಹಾಗೆಯೇ.

ಕಲ್ಪಿತ ಲೆಕ್ಕವೊಂದನ್ನು ಮಾಡಿ ನೋಡೋಣ. ತಂಡ ಬಿಟ್ಟ ಗಾರ್ಡ್ ಇಡೀ ಸೀಸನ್‌ನಲ್ಲಿ 400 ಶಾಟ್, 120 ಫ್ರೀ ಥ್ರೋ ಎಸೆದು 550 ಪಾಯಿಂಟ್ ಗಳಿಸಿದ್ದಾನೆ. ಬರುವವ ಸಣ್ಣ ಕಾನ್ಫರೆನ್ಸಿನವ (ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲೇ ಹೆಚ್ಚು ಆಡುವ ಕಾಲೇಜುಗಳ ಗುಂಪು): 300 ಶಾಟ್, 100 ಫ್ರೀ ಥ್ರೋ, 430 ಪಾಯಿಂಟ್. ಎಲ್ಲ ಬಗೆಯ ಎಸೆತ ಸೇರಿ ಎಷ್ಟು ಫಲ ಬಂತು ಎಂದು ಅಳೆಯುವ ಟ್ರೂ ಶೂಟಿಂಗ್ ಸೂತ್ರ ಹೀಗೆ: ಫ್ರೀ ಥ್ರೋ ಸಂಖ್ಯೆಯನ್ನು 0.475ರಿಂದ ಗುಣಿಸಿ ಶಾಟ್‌ಗಳಿಗೆ ಸೇರಿಸಿ, ಎರಡರಿಂದ ಗುಣಿಸಿ, ಆ ಮೊತ್ತದಿಂದ ಪಾಯಿಂಟ್‌ಗಳನ್ನು ಭಾಗಿಸಿ. ಹೋದವನದ್ದು 550ನ್ನು 914ರಿಂದ ಭಾಗಿಸಿದರೆ ಶೇಕಡಾ 60.2. ಬಂದವನದ್ದು 430ನ್ನು 695ರಿಂದ ಭಾಗಿಸಿದರೆ 61.9. ‘ನೋಡಿದೆಯಾ ಮಾರಾಯ, ಬಂದವನೇ ಮೇಲು’ ಎಂದು ವಾದ ಗೆದ್ದವರು ಇಲ್ಲಿಗೇ ಫೋನ್ ಕಿಸೆಗೆ ಹಾಕುತ್ತಾರೆ. ಜರಡಿಯನ್ನು ಮೇಲಿನ 100 ತಂಡಗಳ ಎದುರಿನ ಪಂದ್ಯಗಳಿಗೆ ತಿರುಗಿಸಿ. ಅಲ್ಲಿ ಅವನದ್ದು 70 ಶಾಟ್, 20 ಫ್ರೀ ಥ್ರೋ, 82 ಪಾಯಿಂಟ್ ಎಂದಿಟ್ಟುಕೊಂಡರೆ 82ಕ್ಕೆ ಭಾಜಕ 159, ಅಂದರೆ 51.6. ಹತ್ತು ಅಂಕ ಕೆಳಗೆ.

ಇದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 70 ಶಾಟ್ ಎಂದರೆ ಏಳೆಂಟು ಪಂದ್ಯದ ಸಂಗತಿ. ತ್ರೀಗಳಲ್ಲಂತೂ ಇದು ಇನ್ನೂ ಕೆಟ್ಟದು. 100 ಎಸೆದು 35 ಹಾಕಿದವನ ಲೆಕ್ಕದಲ್ಲಿ ಬರೀ ಅದೃಷ್ಟದ ಏರುಪೇರೇ ಆಚೆಗೊಂದು ಈಚೆಗೊಂದು 4.8 ಅಂಕದಷ್ಟು, ಅವನ ನಿಜವಾದ ಕೈ 30ರದ್ದೂ ಇರಬಹುದು, 40ರದ್ದೂ ಇರಬಹುದು. 40 ಎಸೆತ ಮಾತ್ರ ಇದ್ದರೆ ಏರುಪೇರು 7.5ಕ್ಕೆ ಹೋಗುತ್ತದೆ. ಹೊಸಬನನ್ನು ಶೇಕಡಾ 43 ಎಂದು ಹೊಗಳುವವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಎಸೆತದಲ್ಲಿ?

ಟಾರ್ವಿಕ್‌ನಲ್ಲಿ ‘ರೋಸ್ಟರ್‌ಕಾಸ್ಟ್’ ಎಂಬ ಇನ್ನೊಂದು ಸಾಧನವಿದೆ. ತಂಡವನ್ನು ಆರಿಸಿ, ಹೋದವರನ್ನು ತೆಗೆದು, ಬಂದವರನ್ನು ಸೇರಿಸಿದರೆ ಮುಂದಿನ ಸೀಸನ್ನಿನ ಅಂದಾಜು ಮಟ್ಟ ಬದಲಾಗುತ್ತದೆ. ಬೇಸಿಗೆಯಲ್ಲಿ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಇಲ್ಲ. ಅದರ ದೌರ್ಬಲ್ಯ ಹೈಸ್ಕೂಲಿನಿಂದ ಬರುವವರಲ್ಲಿ. ಅವರಿಗೆ ಕಾಲೇಜು ಅಂಕಿಯೇ ಇಲ್ಲ, ಶ್ರೇಯಾಂಕ ನೋಡಿ ಅಂದಾಜು ಮಾಡಿದ್ದು. ಮೂವರು ಹೊಸಬರನ್ನು ನೆಚ್ಚಿಕೊಂಡ ತಂಡದ ಅಂಕ ನೋಡುವಾಗ ಅಷ್ಟು ಎಚ್ಚರ ಬೇಕು.

ಮೂರನೆಯದು ಕೆನ್‌ಪಾಮ್. ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡಿದ್ದ ಕೆನ್ ಪೊಮರಾಯ್ ಕಟ್ಟಿದ್ದು, ಕ್ಷೇತ್ರದ ಹಿರಿಯಣ್ಣ. ವರ್ಷಕ್ಕೆ ಸುಮಾರು 25 ಡಾಲರ್. ಯುಪಿಐ ನಡೆಯುವುದಿಲ್ಲ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಸಾಮಾನ್ಯವಾಗಿ ಮುಚ್ಚಿಯೇ ಬಂದಿರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆದು, ಮಿತಿ ಮೂರು ಸಾವಿರಕ್ಕೆ ಇಟ್ಟು, ಪಾವತಿ ಆದ ಕೂಡಲೇ ಮುಚ್ಚಿಬಿಡಿ. ಡಾಲರ್ ಬದಲಾವಣೆಗೆ ಬ್ಯಾಂಕು ಮೇಲಿಂದ ಒಂದಿಷ್ಟು ಹಿಡಿಯುತ್ತದೆ ಎಂಬುದೂ ನೆನಪಿರಲಿ. ಏಪ್ರಿಲಿನಲ್ಲಿ ಬೇಡ, ನವೆಂಬರ್ ಮೊದಲ ವಾರ ಕಟ್ಟಿ: ಸೀಸನ್ ಶುರುವಾಗುವುದು ಆಗ.

ಕೊಟ್ಟ ದುಡ್ಡಿಗೆ ಸಿಗುವ ಮುಖ್ಯ ಸಂಗತಿ ತಂಡದ ಪುಟ. ಯಾರು ಎಷ್ಟು ನಿಮಿಷ ಆಡಿದ, ಅವನು ಅಂಗಳದಲ್ಲಿದ್ದಾಗ ತಂಡದ ಶೇಕಡಾ ಎಷ್ಟು ಪೊಸೆಷನ್ (ಬಾಲ್ ತಂಡದ ಕೈಗೆ ಬಂದ ಒಂದೊಂದು ಸರದಿ) ಅವನ ಕೈಯಲ್ಲಿ ಮುಗಿಯಿತು ಎಂಬುದು ಅಲ್ಲಿ ವರ್ಗ ವರ್ಗವಾಗಿ ನಿಂತಿರುತ್ತದೆ. ಐವರು ಆಡುವುದರಿಂದ ಸರಾಸರಿ 20. 28ರ ಮೇಲಿನವರೇ ತಂಡ ಹೊರುವವರು. 12ಕ್ಕಿಂತ ಕೆಳಗಿನವರಿಗೆ ಪೊಮರಾಯ್ ಇಟ್ಟ ಹೆಸರು ‘ಬಹುತೇಕ ಅದೃಶ್ಯ’. 28ರಲ್ಲಿ ಆಡುತ್ತಿದ್ದವ ಹೋಗಿ 18ರಲ್ಲಿ ಆಡುತ್ತಿದ್ದವ ಬಂದಾಗ ಇಬ್ಬರ ಶೂಟಿಂಗ್ ಶೇಕಡಾವಾರನ್ನು ಪಕ್ಕ ಪಕ್ಕ ಇಡುವುದೇ ತಪ್ಪು. ಹೊರೆ ಏರಿದಂತೆ ಎಸೆತದ ಗುಣ ಇಳಿಯುತ್ತದೆ: ಖಾಲಿ ನಿಂತು ಹಿಡಿದು ಎಸೆಯುವುದು ಬೇರೆ, ಗಡಿಯಾರದಲ್ಲಿ ನಾಲ್ಕು ಸೆಕೆಂಡ್ ಇರುವಾಗ ಇಬ್ಬರ ನಡುವೆ ಎಸೆಯುವುದು ಬೇರೆ.

ನಾಲ್ಕನೆಯದು ಇವಾನ್‌ಮಿಯಾ. ಅಂಕಿಅಂಶದಲ್ಲಿ ಪಿಎಚ್‌ಡಿ ಮಾಡಿದ ಇವಾನ್ ಮಿಯಾಕಾವಾ ನಡೆಸುವುದು. ಆಟಗಾರ ಅಂಗಳದಲ್ಲಿದ್ದಾಗ ತಂಡ ಹೇಗೆ ಆಡಿತು ಎಂಬುದನ್ನೂ ಸೇರಿಸಿ ಒಂದೇ ಅಂಕ ಕೊಡುತ್ತದೆ. ಪಾಯಿಂಟ್ ಹಾಕದೆ ಡಿಫೆನ್ಸಿನಲ್ಲಿ ದುಡಿಯುವವರ ಬೆಲೆ ಬೇರೆ ಕಡೆಗಿಂತ ಇಲ್ಲಿ ಚೆನ್ನಾಗಿ ಕಾಣುತ್ತದೆ. ಹೆಚ್ಚಿನ ವಿವರಕ್ಕೆ ಚಂದಾ ಬೇಕು. ಒಂದೆರಡು ತಂಡವನ್ನಷ್ಟೇ ಹಿಂಬಾಲಿಸುವವರಿಗೆ ಅಗತ್ಯವಿಲ್ಲ.

ಇವನ್ನೆಲ್ಲ ಒಟ್ಟಿಗೆ ಬಳಸುವುದು ಹೇಗೆ ಎಂಬುದಕ್ಕೆ 2025ರ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಒಳ್ಳೆಯ ಪಾಠ. ಕೂಪರ್ ಫ್ಲ್ಯಾಗ್ 37 ಪಂದ್ಯಗಳಲ್ಲಿ ಸರಾಸರಿ 19.2 ಪಾಯಿಂಟ್, 7.5 ರೀಬೌಂಡ್, 4.2 ಅಸಿಸ್ಟ್ ಮಾಡಿ ಜೂನಿನಲ್ಲಿ ಎನ್‌ಬಿಎ ಡ್ರಾಫ್ಟಿನ (ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಕ್ರಮ) ಮೊದಲಿಗನಾಗಿ ಡಲ್ಲಾಸಿಗೆ ಹೋದ. ಆಗಲೇ ಬರುತ್ತಿದ್ದವ ಕ್ಯಾಮರನ್ ಬೂಜರ್. 2001ರಲ್ಲಿ ಡ್ಯೂಕ್ ಪ್ರಶಸ್ತಿ ಗೆದ್ದಾಗ ತಂಡದಲ್ಲಿದ್ದ ಕಾರ್ಲೋಸ್ ಬೂಜರ್ ಅವರ ಮಗ. ಅವಳಿ ಸಹೋದರ ಕೇಡನ್ ಕೂಡ ಜೊತೆಗೆ. ಬೇಸಿಗೆಯಿಡೀ ವಾದ ‘ಫ್ಲ್ಯಾಗ್ ಮೇಲೋ ಬೂಜರ್ ಮೇಲೋ’ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು.

ಲೆಕ್ಕ ಮಾತ್ರ ಬೇರೆ ಕಡೆ ಕೈ ತೋರಿಸುತ್ತದೆ. ಐವರಿಗೆ 40 ನಿಮಿಷದಂತೆ ಪಂದ್ಯಕ್ಕೆ 200 ಆಟಗಾರ-ನಿಮಿಷ. ಫ್ಲ್ಯಾಗ್ ಆಡಿದ್ದು ಸುಮಾರು 31, ಅಂದರೆ ಆರನೇ ಒಂದಕ್ಕಿಂತ ಕಡಿಮೆ. ಆ ವರ್ಷ ಕ್ನಿಪಲ್, ಮಲುವಾಚ್, ಪ್ರಾಕ್ಟರ್, ಸಿಯಾನ್ ಜೇಮ್ಸ್ ಸೇರಿ ಮೊದಲ ಐವರೂ ಡ್ರಾಫ್ಟಿನಲ್ಲಿ ಹೋದರು. ಬೂಜರ್ ಫ್ಲ್ಯಾಗ್‌ನಷ್ಟೇ ಆಡಿದರೂ ಉಳಿದ ನಾಲ್ವರ ನಿಮಿಷ ಯಾರ ಪಾಲಿಗೆ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು, ಅದನ್ನು ಕೇಳಿದವರು ಕಡಿಮೆ. ತಿರುಗಿಸಿ ನೋಡಿದರೆ, ಡ್ಯೂಕ್ ಇರುವ ಕಾನ್ಫರೆನ್ಸಾದ ಎಸಿಸಿಯ ಟೂರ್ನಿಯಲ್ಲಿ ಫ್ಲ್ಯಾಗ್ ಕಾಲು ಉಳುಕಿ ಕೂತಾಗ ಅದೇ ಡ್ಯೂಕ್ ಅವನಿಲ್ಲದೆ ನಾರ್ತ್ ಕ್ಯಾರೊಲೈನಾವನ್ನು 74-71ರಿಂದ, ಫೈನಲಿನಲ್ಲಿ ಲೂಯಿವಿಲ್ ತಂಡವನ್ನು 73-62ರಿಂದ ಸೋಲಿಸಿತು. ಉಳಿದವರೂ ಆ ಮಟ್ಟದವರಾಗಿದ್ದರು. ಮುಖ್ಯ ವೇಷ ಒಂದಕ್ಕೇ ಚಪ್ಪಾಳೆ ಹೊಡೆದು ಭಾಗವತರನ್ನೂ ಚೆಂಡೆಯವರನ್ನೂ ಮರೆತರೆ ಆಟ ಏಕೆ ಏರಿತು ಎಂಬುದು ತಿಳಿಯದು.

ಆದ್ದರಿಂದ ಬೇಸಿಗೆಯಲ್ಲಿ ಮಾಡಬೇಕಾದ ಕ್ರಮ ಹೀಗೆ. ಕೆನ್‌ಪಾಮ್ ಇಲ್ಲವೇ ಟಾರ್ವಿಕ್‌ನಿಂದ ಹೋದವರೆಲ್ಲರ ನಿಮಿಷ ಕೂಡಿಸಿ. 200ರಲ್ಲಿ 60 ಖಾಲಿಯಾದರೆ ಒಬ್ಬ ಹೊಸಬ, ಒಬ್ಬ ಹಳಬ ಹಂಚಿಕೊಂಡು ತುಂಬಿಸಿಯಾರು. 120 ಖಾಲಿಯಾದರೆ ಅದು ಹೊಸ ತಂಡವೇ. ಡಿಸೆಂಬರ್ ತನಕ ತೀರ್ಪು ಕೊಡಬೇಡಿ. ಆಮೇಲೆ ಹೋದವರ ಶಾಟ್, ರೀಬೌಂಡ್, ಬಾಲ್ ಹೊರುವ ಕೆಲಸ ಮೂರನ್ನೂ ಬೇರೆ ಬೇರೆ ಹಂಚಿ. ಶಾಟ್ ತೆಗೆದುಕೊಳ್ಳುವವ ಯಾವಾಗಲೂ ಸಿಗುತ್ತಾನೆ. ಬಾಲ್ ಕಳೆಯದೆ ಒಯ್ಯುವವ ಸಿಗುವುದು ಕಷ್ಟ, ಬಹಳ ತಂಡ ಸೊರಗುವುದು ಅಲ್ಲೇ.

ಡಿಸೆಂಬರಿನಲ್ಲಿ ನೋಡುವವರಿಗೆ ಗಡಿಯಾರದ ಮಾತು: ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 7ರ ಪಂದ್ಯ ಇಲ್ಲಿ ಬೆಳಗ್ಗೆ 5:30ಕ್ಕೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮುಂದೆ ಹೋದ ಮೇಲೆ 4:30ಕ್ಕೆ.

ನಮ್ಮ ಕಾಲೇಜುಗಳಿಗೆ ಇಂಥ ಸೇವೆ ಒಂದೂ ಇಲ್ಲ. ಮಂಜೇಶ್ವರದಲ್ಲೋ ಕಾಸರಗೋಡಿನಲ್ಲೋ ಪ್ಲಸ್ ಟು ಮುಗಿಸಿದ ಎತ್ತರದ ಹುಡುಗ ತಲಪಾಡಿ ದಾಟಿ ಮಂಗಳೂರು, ಮೂಡುಬಿದಿರೆ ಕಡೆ ಸೇರಿದರೆ ಅವನು ಕಣ್ಣೂರು ವಿಶ್ವವಿದ್ಯಾಲಯದ ಲೆಕ್ಕದಿಂದ ಮಂಗಳೂರು ವಿಶ್ವವಿದ್ಯಾಲಯದ ಲೆಕ್ಕಕ್ಕೆ ಹೋದಂತೆ. ಎರಡೂ ದಕ್ಷಿಣ ವಲಯದವೇ ಆದ್ದರಿಂದ ಮುಂದೆ ಎದುರಾಳಿಯಾಗಿ ಬರಲೂಬಹುದು. ‘ಅವ ಹೋದದ್ದೇ ಸೋಲಿಗೆ ಕಾರಣ’ ಎಂಬ ಮಾತಿಗೆ ಇಲ್ಲಿ ಯಾರಲ್ಲೂ ಅಂಕಿಯಿಲ್ಲ. ಗೆರೆ ಎಳೆದ ನೋಟ್‌ಬುಕ್, ಬರೆಯಲು ಒಬ್ಬ, ಕೂಗಿ ಹೇಳಲು ಒಬ್ಬ ಇದ್ದರೆ ಸಾಕು. ಕಂಬ ಐದು: ಶಾಟ್, ಫ್ರೀ ಥ್ರೋ, ಅಫೆನ್ಸಿವ್ ರೀಬೌಂಡ್ (ತಪ್ಪಿದ ತಮ್ಮದೇ ಎಸೆತವನ್ನು ಮತ್ತೆ ಹಿಡಿದದ್ದು), ಟರ್ನೋವರ್ (ಎಸೆಯದೆ ಬಾಲ್ ಕಳೆದದ್ದು), ಪಾಯಿಂಟ್. ಶಾಟ್‌ಗಳಿಂದ ಅಫೆನ್ಸಿವ್ ರೀಬೌಂಡ್ ಕಳೆದು, ಟರ್ನೋವರ್ ಕೂಡಿಸಿ, ಫ್ರೀ ಥ್ರೋದ 0.475 ಪಾಲು ಸೇರಿಸಿದರೆ ಪೊಸೆಷನ್ ಸಂಖ್ಯೆ. 60 ಶಾಟ್, 10 ರೀಬೌಂಡ್, 14 ಟರ್ನೋವರ್, 20 ಫ್ರೀ ಥ್ರೋ ಇದ್ದರೆ 73.5. ಅದರಲ್ಲಿ 68 ಪಾಯಿಂಟ್ ಬಂದಿದ್ದರೆ ನೂರಕ್ಕೆ 92.5. ಹೆಚ್ಚು ತಪ್ಪಾಗುವುದು ಫೌಲ್ ಆದ ಶಾಟಿನಲ್ಲಿ: ಬಾಲ್ ಒಳಗೆ ಬೀಳದಿದ್ದರೆ ಅದನ್ನು ಶಾಟ್ ಕಂಬದಲ್ಲಿ ಬರೆಯಬಾರದು, ಫ್ರೀ ಥ್ರೋ ಮಾತ್ರ ಬರೆಯಬೇಕು.